ಫೇರ್‌ಪೋರ್ಟ್ ಕನ್ವೆನ್ಷನ್: ಬಂದೋರು ಹೋದ್ರು, ಬ್ಯಾಂಡ್ ಉಳೀತು

ಇಂಗ್ಲೆಂಡಿನ ಫೇರ್‌ಪೋರ್ಟ್ ಕನ್ವೆನ್ಷನ್ ಅನ್ನೋ ಫೋಕ್ ರಾಕ್ ಬ್ಯಾಂಡ್, ಅಂದ್ರೆ ಜನಪದ ಹಾಡನ್ನ ರಾಕ್ ವಾದ್ಯಗಳ ಜೊತೆ ಹಾಡೋ ತಂಡ, 1967ರಲ್ಲಿ ಶುರುವಾಯ್ತು. ಈ ಬ್ಯಾಂಡಿನ ಚರಿತ್ರೆ ಕೂತು ಓದಿದ್ರೆ ಇದು ಐದು ವರ್ಷ ಬಾಳೋಕೂ ಕಾರಣ ಸಿಗಲ್ಲ. ಬ್ರಿಟನ್ನಿನ ಸಿಂಗಲ್ಸ್ ಚಾರ್ಟ್‌ನಲ್ಲಿ ಇವರ ಅತಿ ದೊಡ್ಡ ಹಿಟ್ ಮುಟ್ಟಿದ್ದು 21ನೇ ಸ್ಥಾನ, ಅದೂ ಬಾಬ್ ಡಿಲನ್ ಹಾಡೊಂದನ್ನ ಫ್ರೆಂಚಿಗೆ ಮಾಡಿಕೊಂಡು ಹಾಡಿದ್ದು. ಎರಡು ವರ್ಷ ತುಂಬೋ ಮುಂಚೆ ಡ್ರಮ್ಮರ್ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಇವರಿಗೆ ಹೆಸರು ತಂದುಕೊಟ್ಟ ಆಲ್ಬಮ್ ಅಂಗಡಿಗೆ ಬರೋ ಹೊತ್ತಿಗೆ ಅದರ ಮುಖ್ಯ ಗಾಯಕಿ, ಬ್ಯಾಂಡ್ ಕಟ್ಟಿದ ಬೇಸ್ ಗಿಟಾರಿಸ್ಟ್ ಇಬ್ಬರೂ ಬಿಟ್ಟೋಗಿದ್ರು. 1971ರ ಕೊನೆಗೆ ಶುರುವಿಂದ ಇದ್ದವರಲ್ಲಿ ಒಬ್ಬರೂ ಉಳಿದಿರ್ಲಿಲ್ಲ, 1979ರಲ್ಲಿ ವಿದಾಯದ ಕಾರ್ಯಕ್ರಮ ಕೊಟ್ಟು ಬಾಗಿಲು ಹಾಕಿದ್ರು. ಇಷ್ಟೆಲ್ಲಾ ಆದ್ಮೇಲೂ ಈ ಹೆಸರಲ್ಲಿ ಪ್ರತಿ ಆಗಸ್ಟ್‌ನಲ್ಲಿ ಒಂದು ಹಳ್ಳಿ ಪಕ್ಕದ ಹೊಲದಲ್ಲಿ ಸಾವಿರಾರು ಜನ ಸೇರ್ತಾರೆ.

ಅದು ಹೇಗೆ ಅಂತ ನೋಡೋದೇ ಈ ಬರಹ. ನನಗೆ ಕಾಣೋದು ಎರಡು ಕಾರಣ. ಒಂದು, ಇವರ ಮುಖ್ಯ ಹಾಡುಗಳು ಯಾರೊಬ್ಬರ ಸ್ವತ್ತೂ ಆಗಿರ್ಲಿಲ್ಲ, ಹಾಗಾಗಿ ಬಿಟ್ಟೋದವರು ಹಾಡನ್ನ ಕಿತ್ಕೊಂಡು ಹೋಗೋಕಾಗ್ಲಿಲ್ಲ. ಇನ್ನೊಂದು, ಕೇಳುಗರ ಜೊತೆಗಿನ ಸಂಬಂಧಾನ ತಡವಾಗಿ ಆದ್ರೂ ರೆಕಾರ್ಡ್ ಕಂಪನಿ ಕೈಯಿಂದ ತಮ್ಮ ಕೈಗೆ ತಗೊಂಡ್ರು.

ಮೊದಲು ಹುಟ್ಟಿನ ಕಥೆ. ಉತ್ತರ ಲಂಡನ್ನಿನ ಮಸ್ವೆಲ್ ಹಿಲ್‌ನಲ್ಲಿ ಗಿಟಾರಿಸ್ಟ್ ಸೈಮನ್ ನಿಕೋಲ್ ಅವರ ಮನೆ ಇತ್ತು, ಮನೆ ಹೆಸರು ಫೇರ್‌ಪೋರ್ಟ್. ಬೇಸ್ ಗಿಟಾರಿಸ್ಟ್ ಆಶ್ಲಿ ಹಚಿಂಗ್ಸ್, ನಿಕೋಲ್, ಗಿಟಾರಿಸ್ಟ್ ರಿಚರ್ಡ್ ಥಾಂಪ್ಸನ್ ಎಲ್ಲಾ ಅಲ್ಲಿ ಸೇರಿ ಪ್ರಾಕ್ಟೀಸ್ ಮಾಡೋರು, ಬ್ಯಾಂಡಿಗೆ ಮನೆ ಹೆಸರೇ ಬಂತು. 1967ರ ಮೇ 27ರಂದು ಗೋಲ್ಡರ್ಸ್ ಗ್ರೀನ್‌ನ ಒಂದು ಚರ್ಚ್ ಹಾಲ್‌ನಲ್ಲಿ ಮೊದಲ ಶೋ. ಆವತ್ತು ನೋಡೋಕೆ ಬಂದಿದ್ದ ಮಾರ್ಟಿನ್ ಲ್ಯಾಂಬಲ್ ಅನ್ನೋ ಹುಡುಗ ನಿಮ್ಮ ಡ್ರಮ್ಮರ್‌ಗಿಂತ ನಾನೇ ಚೆನ್ನಾಗಿ ನುಡಿಸ್ತೀನಿ ಅಂತ ಹೇಳಿ ಆ ಜಾಗಕ್ಕೆ ಬಂದ, ನುಡಿಸಿದ್ದೂ ಹಾಗೇ. ಜೂಡಿ ಡೈಬಲ್, ಇಯಾನ್ ಮ್ಯಾಥ್ಯೂಸ್ ಹಾಡೋಕೆ ಸೇರಿದ್ರು. ಅಮೆರಿಕದಿಂದ ಬಂದಿದ್ದ ಜೋ ಬಾಯ್ಡ್ ಅನ್ನೋ ಪ್ರೊಡ್ಯೂಸರ್ ಲಂಡನ್ನಿನ ಒಂದು ಕ್ಲಬ್ಬಲ್ಲಿ ಇವರನ್ನ ಕೇಳಿ, ಮುಖ್ಯವಾಗಿ ಥಾಂಪ್ಸನ್ ಗಿಟಾರ್ ಕೇಳಿ, ತನ್ನ ಕಂಪನಿಗೆ ಸೇರಿಸ್ಕೊಂಡ. ಆಗ ಥಾಂಪ್ಸನ್‌ಗೆ ಇನ್ನೂ 18 ವರ್ಷ.

ಆ ಕಾಲದಲ್ಲಿ ಇವರು ಜನಪದದ ಬ್ಯಾಂಡ್ ಅಲ್ಲವೇ ಅಲ್ಲ. ಡಿಲನ್, ಜೋನಿ ಮಿಚೆಲ್ ಹಾಡುಗಳನ್ನ ಕವರ್ ಮಾಡ್ತಾ ಅಮೆರಿಕದ ವೆಸ್ಟ್ ಕೋಸ್ಟ್ ಬ್ಯಾಂಡ್‌ಗಳ ಥರ ನುಡಿಸೋರು, ಪತ್ರಿಕೆಗಳು ಇಂಗ್ಲೆಂಡಿನ ಜೆಫರ್ಸನ್ ಏರ್‌ಪ್ಲೇನ್ ಅಂತ ಕರೀತಿದ್ವು. ದಿಕ್ಕು ತಿರುಗಿದ್ದು 1968ರಲ್ಲಿ ಸ್ಯಾಂಡಿ ಡೆನ್ನಿ ಬಂದಾಗ. ಜೂಡಿ ಡೈಬಲ್‌ನ ತೆಗೆದು ಆ ಜಾಗಕ್ಕೆ ಸ್ಯಾಂಡಿನ ತಂದ್ರು, ಅದು ಜೂಡಿಗೆ ತುಂಬಾ ನೋವು ಕೊಡ್ತು, ಈ ಬ್ಯಾಂಡಿನ ಕಥೆ ಹೇಳೋರು ಸಾಮಾನ್ಯವಾಗಿ ಆ ಮಾತನ್ನ ದಾಟಿ ಮುಂದಕ್ಕೆ ಹೋಗ್ಬಿಡ್ತಾರೆ. ಸ್ಯಾಂಡಿ ಫೋಕ್ ಕ್ಲಬ್‌ಗಳಲ್ಲಿ ಒಂಟಿಯಾಗಿ ಗಿಟಾರ್ ಹಿಡಿದು ಹಾಡಿ ಪಳಗಿದವಳು, ಹಳೇ ಇಂಗ್ಲಿಷ್ ಹಾಡುಗಳು ಬಾಯಲ್ಲೇ ಇದ್ವು. ಒಂದು ಶೋಗೆ ಮುಂಚೆ ಡ್ರೆಸ್ಸಿಂಗ್ ರೂಮ್‌ನಲ್ಲಿ ಕೂತು ಅವಳು 'ಎ ಸೇಲರ್ಸ್ ಲೈಫ್' ಹಾಡಿದಳು, ಕಡಲಿಗೆ ಹೋದ ಪ್ರಿಯಕರನ್ನ ಹುಡುಕ್ಕೊಂಡು ಹೋಗೋ ಹುಡುಗಿ ಹಾಡು. ಉಳಿದವರು ಒಬ್ಬೊಬ್ಬರಾಗಿ ಜೊತೆಗೆ ನುಡಿಸೋಕೆ ಶುರು ಮಾಡಿದ್ರು, ಅದನ್ನ ಹಾಗೇ ಸ್ಟೇಜಿಗೂ ತಗೊಂಡೋದ್ರು. ಆಮೇಲೆ 'ಅನ್‌ಹಾಫ್‌ಬ್ರಿಕಿಂಗ್' ಆಲ್ಬಮ್ಮಿಗೆ ರೆಕಾರ್ಡ್ ಮಾಡುವಾಗ ಫೋಕ್ ಲೋಕದಲ್ಲಿ ಆಗಲೇ ದೊಡ್ಡ ಹೆಸರಾಗಿದ್ದ ಪಿಟೀಲು ವಾದಕ ಡೇವ್ ಸ್ವಾರ್‌ಬ್ರಿಕ್‌ನ ಅತಿಥಿಯಾಗಿ ಕರೆಸಿ, ಹನ್ನೊಂದು ನಿಮಿಷಕ್ಕೂ ಹೆಚ್ಚಿನ ಹಾಡನ್ನ ಒಂದೇ ಟೇಕ್‌ನಲ್ಲಿ ಮುಗಿಸಿದ್ರು. ದಯವಿಟ್ಟು ಅದನ್ನ ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಶುರುವಲ್ಲಿ ತಾಳಾನೇ ಇಲ್ಲ, ಲ್ಯಾಂಬಲ್ ಸಿಂಬಲ್ ಮೇಲೆ ಅಲೆ ಥರ ಸುಮ್ಮನೆ ಸವರ್ತಾ ಇರ್ತಾನೆ, ಸ್ಯಾಂಡಿ ಕಥೆ ಮುಗಿಸಿದ ಮೇಲೆ ಗಿಟಾರ್ ಪಿಟೀಲು ಎರಡೂ ಒಂದನ್ನೊಂದು ಅಟ್ಟಿಸ್ಕೊಂಡು ಹೋಗ್ತವೆ. 19 ವರ್ಷದ ಹುಡುಗ ಅಷ್ಟು ತಾಳ್ಮೆಯಿಂದ ಡ್ರಮ್ಸ್ ನುಡಿಸೋದನ್ನ ನಾನು ಬೇರೆಲ್ಲೂ ಕೇಳಿಲ್ಲ.

ಆ ಆಲ್ಬಮ್ ಬಿಡುಗಡೆಗೆ ಮುಂಚೆ, 1969ರ ಮೇ 12ರ ಬೆಳಗಿನ ಜಾವ, ಬರ್ಮಿಂಗ್‌ಹ್ಯಾಮ್‌ನ ಮದರ್ಸ್ ಕ್ಲಬ್ಬಲ್ಲಿ ಶೋ ಮುಗಿಸಿ ಲಂಡನ್ನಿಗೆ ವಾಪಸ್ ಬರ್ತಿದ್ದಾಗ ಎಂ1 ಹೈವೇಲಿ ವ್ಯಾನ್ ರಸ್ತೆ ಬಿಟ್ಟು ಉರುಳ್ತು. ಮಾರ್ಟಿನ್ ಲ್ಯಾಂಬಲ್ ಸತ್ತ, ಥಾಂಪ್ಸನ್ ಗೆಳತಿ ಜೀನಿ ಫ್ರಾಂಕ್ಲಿನ್ ಕೂಡ ತೀರಿಕೊಂಡಳು. ಉಳಿದವರಿಗೂ ಪೆಟ್ಟಾಗಿತ್ತು. ಸ್ಯಾಂಡಿ ಬೇರೆ ವಾಹನದಲ್ಲಿ ಬರ್ತಿದ್ದರಿಂದ ತಪ್ಪಿಸ್ಕೊಂಡಳು.

ಈ ಬ್ಯಾಂಡಿನ ಕಥೆಯ ನಡುಗಂಬ ಅಂದ್ರೆ ಇದಾದ ಮೇಲಿನ ಕೆಲವು ತಿಂಗಳು. ಬ್ಯಾಂಡ್ ಮುಚ್ಚೋ ಮಾತು ಬಂತು. ಮುಂದುವರೀಬೇಕು ಅಂತ ತೀರ್ಮಾನ ಆದಾಗ ಅದರ ಜೊತೆ ಇನ್ನೊಂದು ತೀರ್ಮಾನಾನೂ ಆಯ್ತು, ಮಾರ್ಟಿನ್ ಜೊತೆ ನುಡಿಸ್ತಿದ್ದ ಹಾಡುಗಳನ್ನ ಇನ್ನು ಮುಟ್ಟೋದು ಬೇಡ ಅಂತ. ಯೋಚನೆ ಮಾಡಿ, ಎರಡು ವರ್ಷ ಊರೂರು ಸುತ್ತಿ ಕಟ್ಟಿಕೊಂಡಿದ್ದ ಹಾಡುಗಳ ಸೆಟ್ ಪೂರ್ತಿ ಕೈಬಿಡೋದು ಅಂದ್ರೆ ಬರಿಗೈಯಾದ ಹಾಗೇ. ಆ ಖಾಲಿ ಜಾಗಕ್ಕೆ ಬಂದಿದ್ದು ಹಳೇ ಹಾಡುಗಳು. ಇದಕ್ಕೆ ಇನ್ನೊಂದು ಪ್ರೇರಣೆ ಕೂಡ ಇತ್ತು, 1968ರಲ್ಲಿ 'ದಿ ಬ್ಯಾಂಡ್' ಅನ್ನೋ ತಂಡದ ಮೊದಲ ಆಲ್ಬಮ್ ಬಂದಿತ್ತು, ಅದರಲ್ಲಿ ಅಮೆರಿಕದ ಮಣ್ಣಿನ ಸಂಗೀತ ಎಷ್ಟು ಸಹಜವಾಗಿತ್ತು ಅಂದ್ರೆ ಲಂಡನ್ನಿನ ಹುಡುಗರು ಅದನ್ನ ನಕಲು ಮಾಡಿ ಎಲ್ಲಿಗೂ ಮುಟ್ಟಲ್ಲ ಅಂತ ಇವರಿಗೆ ಗೊತ್ತಾಗಿತ್ತು. ನಮ್ಮ ಮಣ್ಣಲ್ಲಿ ಏನಿದೆ ಅಂತ ನೋಡೋಣ ಅನ್ನೋ ಪ್ರಶ್ನೆ ಆಗಲೇ ಒಳಗೆ ಓಡ್ತಿತ್ತು, ಅಪಘಾತ ಅದಕ್ಕೆ ಉತ್ತರ ಹುಡುಕಲೇಬೇಕಾದ ಸ್ಥಿತಿ ತಂತು.

1969ರ ಬೇಸಿಗೆಯಲ್ಲಿ ಜೋ ಬಾಯ್ಡ್ ಹ್ಯಾಂಪ್‌ಶೈರ್‌ನ ಫಾರ್ಲಿ ಚೇಂಬರ್ಲೇನ್ ಅನ್ನೋ ಹಳ್ಳೀಲಿ ಒಂದು ದೊಡ್ಡ ಹಳೇ ಮನೆ ಬಾಡಿಗೆಗೆ ಹಿಡಿದುಕೊಟ್ಟ. ಎಲ್ಲರೂ ಅಲ್ಲೇ ವಾಸ, ಅಲ್ಲೇ ರಿಹರ್ಸಲ್. ಸ್ವಾರ್‌ಬ್ರಿಕ್ ಈಗ ಅತಿಥಿ ಅಲ್ಲ, ಪೂರ್ತಿ ಸದಸ್ಯ. ಹೊಸ ಡ್ರಮ್ಮರ್ ಡೇವ್ ಮ್ಯಾಟಕ್ಸ್ ಬಂದಿದ್ದು ಬಾಲ್‌ರೂಮ್ ಡ್ಯಾನ್ಸ್ ಬ್ಯಾಂಡಿಂದ, ಜನಪದ ಸಂಗೀತದ ಗಂಧಗಾಳಿ ಇರ್ಲಿಲ್ಲ. ಅದೇ ಒಳ್ಳೇದಾಯ್ತು ಅನ್ಸತ್ತೆ ನನಗೆ, ಯಾಕಂದ್ರೆ ಈ ಹಾಡಿಗೆ ಡ್ರಮ್ಸ್ ಹೀಗೇ ಇರ್ಬೇಕು ಅನ್ನೋ ಮಾದರಿ ಎಲ್ಲೂ ಇರ್ಲಿಲ್ಲ, ಆತ ಶಿಸ್ತಿನ, ಭಾರದ, ಎಲ್ಲಿ ಬಾರಿಸ್ಬಾರದು ಅಂತ ಗೊತ್ತಿರೋ ಶೈಲಿ ತಂದ, ಮುಂದೆ ಬಂದ ಇಂಗ್ಲಿಷ್ ಫೋಕ್ ರಾಕ್ ಡ್ರಮ್ಮರ್‌ಗಳಿಗೆಲ್ಲಾ ಅದೇ ಪಾಠ ಆಯ್ತು.

ಹಾಡು ಹುಡುಕೋ ಕೆಲಸ ಮುಖ್ಯವಾಗಿ ಆಶ್ಲಿ ಹಚಿಂಗ್ಸ್‌ದು. ಲಂಡನ್ನಿನ ಸೆಸಿಲ್ ಶಾರ್ಪ್ ಹೌಸ್‌ನಲ್ಲಿ ಜನಪದ ಹಾಡು ನೃತ್ಯಗಳ ದೊಡ್ಡ ಗ್ರಂಥಾಲಯ ಇದೆ, ಅಲ್ಲಿ ಹೋಗಿ ಕೂರೋರು. ಸೆಸಿಲ್ ಶಾರ್ಪ್ 20ನೇ ಶತಮಾನದ ಶುರುವಲ್ಲಿ ಸಾಮರ್‌ಸೆಟ್ ಕಡೆ ಹಳ್ಳಿಗರ ಬಾಯಿಂದ ಹಾಡು ಬರೆದುಕೊಂಡವರು. ಅದಕ್ಕೂ ಮುಂಚೆ ಹಾರ್ವರ್ಡಿನ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ 305 ಲಾವಣಿಗಳನ್ನ ಪಾಠಾಂತರಗಳ ಸಮೇತ ನಂಬರ್ ಹಾಕಿ ಸಂಪಾದಿಸಿದ್ರು. ಇವರು ಆರಿಸ್ಕೊಂಡ 'ಟ್ಯಾಮ್ ಲಿನ್' ಅದರಲ್ಲಿ 39ನೇದು, 'ಮ್ಯಾಟಿ ಗ್ರೋವ್ಸ್' 81ನೇದು. ಮೊದಲನೇದರಲ್ಲಿ ಯಕ್ಷರಾಣಿ ಹಿಡಿತದಲ್ಲಿರೋ ಗಂಡಸನ್ನ ಅವನಿಂದ ಬಸುರಾದ ಹುಡುಗಿ ಬಿಡಿಸ್ಕೊಂಡು ಬರ್ತಾಳೆ, ತೋಳಲ್ಲಿ ಹಿಡಿದಿದ್ದಾಗ ಅವನು ಒಂದೊಂದು ಪ್ರಾಣಿಯಾಗಿ ರೂಪ ಬದಲಿಸಿದ್ರೂ ಬಿಡಲ್ಲ. ಎರಡನೇದು ದೊರೆಯ ಹೆಂಡತಿ, ಅವಳ ಪ್ರಿಯಕರ, ಕೊನೆಗೆ ಎರಡು ಕೊಲೆ.

'ಮ್ಯಾಟಿ ಗ್ರೋವ್ಸ್'ನ ಇವರು ಕಟ್ಟಿದ ರೀತಿ ಸ್ವಲ್ಪ ನಿಂತು ನೋಡ್ಬೇಕು. ಮಾತು ಬ್ರಿಟನ್ನಿನ ಹಳೇ ಲಾವಣಿದು, ಮಟ್ಟು ಅಮೆರಿಕದ ಅಪಲೇಶಿಯನ್ ಬೆಟ್ಟಗಳ ಕಡೆಯ 'ಶೇಡಿ ಗ್ರೋವ್' ಹಾಡಿಂದು. ಹಾಡಲ್ಲಿ ಪಲ್ಲವಿ ಇಲ್ಲ, ನುಡಿ ಮೇಲೆ ನುಡಿ ಅಷ್ಟೇ, ಸ್ಯಾಂಡಿ ಎಲ್ಲೂ ಕಿರುಚಲ್ಲ ಅಳಲ್ಲ, ಕೊಲೆ ಆಗೋ ಜಾಗದಲ್ಲೂ ನಡೆದದ್ದನ್ನ ನಡೆದ ಹಾಗೆ ಹೇಳ್ತಾಳೆ, ಕೆಳಗೆ ಬೇಸ್ ಮತ್ತೆ ಡ್ರಮ್ಸ್ ಒಂದೇ ಹದದಲ್ಲಿ ನಡೀತಾ ಇರತ್ತೆ. ಕಥೆ ಮುಗಿದ ಕ್ಷಣಕ್ಕೆ ವಾದ್ಯಗಳು ಬಿಚ್ಚಿಕೊಳ್ತವೆ. ಅಂದ್ರೆ ದುಃಖ, ಸಿಟ್ಟು ಎಲ್ಲಾ ಮಾತಲ್ಲಿ ಬರಲ್ಲ, ಗಿಟಾರ್ ಪಿಟೀಲಿಗೆ ಬಿಟ್ಟುಕೊಡ್ತಾರೆ. ಹಳೇ ಹಾಡಿಗೆ ಸುಮ್ಮನೆ ಡ್ರಮ್ಸ್ ಸೇರಿಸಿ ಫ್ಯೂಷನ್ ಅನ್ನೋದಕ್ಕೂ ಇದಕ್ಕೂ ತುಂಬಾ ದೂರ ಇದೆ, ಇಲ್ಲಿ ರಾಕ್ ವಾದ್ಯಗಳಿಗೆ ಕಥೆಯೊಳಗೆ ಒಂದು ಕೆಲಸ ಕೊಟ್ಟಿದಾರೆ.

ಆ ಆಲ್ಬಮ್ 'ಲೀಜ್ ಅಂಡ್ ಲೀಫ್'. ಸೆಪ್ಟೆಂಬರ್ 24ಕ್ಕೆ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಹೊಸ ಹಾಡುಗಳ ಶೋ ಆಯ್ತು, ಡಿಸೆಂಬರ್‌ನಲ್ಲಿ ಆಲ್ಬಮ್ ಬಂತು, ಆಲ್ಬಮ್ ಚಾರ್ಟ್‌ನಲ್ಲಿ 17ಕ್ಕೆ ಏರ್ತು. ಕವರ್ ಬಿಚ್ಚಿದ್ರೆ ಒಳಗಡೆ ಚೈಲ್ಡ್, ಶಾರ್ಪ್, ಹಳ್ಳಿ ಆಚರಣೆಗಳು ಇವುಗಳ ಬಗ್ಗೆ ಚಿತ್ರ, ಟಿಪ್ಪಣಿ. ಹಾಡು ಎಲ್ಲಿಂದ ಬಂತು ಅಂತ ಕೇಳುಗನಿಗೆ ತಿಳಿಸ್ಬೇಕು ಅನ್ನೋ ಆ ಕಾಳಜಿ ನನಗೆ ತುಂಬಾ ಇಷ್ಟ. 2006ರಲ್ಲಿ ಬಿಬಿಸಿ ರೇಡಿಯೋ 2 ಫೋಕ್ ಅವಾರ್ಡ್ಸ್‌ನಲ್ಲಿ ಇದನ್ನ ಸಾರ್ವಕಾಲಿಕ ಅತ್ಯಂತ ಪ್ರಭಾವಿ ಫೋಕ್ ಆಲ್ಬಮ್ ಅಂತ ಆರಿಸಿದ್ರು.

ಆದ್ರೆ ನವೆಂಬರ್‌ನಲ್ಲೇ ಒಡಕು ಬಂದಿತ್ತು. ಹಚಿಂಗ್ಸ್‌ಗೆ ಹಳೇ ಹಾಡಲ್ಲಿ ಇನ್ನೂ ಆಳಕ್ಕೆ ಹೋಗ್ಬೇಕು, ಸ್ಯಾಂಡಿಗೆ ತನ್ನ ಸ್ವಂತ ಹಾಡು ಬರೀಬೇಕು. ಇಬ್ಬರ ಆಸೇನೂ ನ್ಯಾಯವಾದದ್ದೇ, ಆದ್ರೆ ಒಂದೇ ಬ್ಯಾಂಡಲ್ಲಿ ಎರಡಕ್ಕೂ ಜಾಗ ಇರ್ಲಿಲ್ಲ. ಇಬ್ಬರೂ ಹೊರಟ್ರು. ಹಚಿಂಗ್ಸ್ ಹೋಗಿ ಸ್ಟೀಲೈ ಸ್ಪ್ಯಾನ್ ಕಟ್ಟಿದ, ಅದು ಮುಂದೆ ಚಾರ್ಟ್‌ನಲ್ಲಿ ಫೇರ್‌ಪೋರ್ಟ್‌ಗಿಂತ ದೊಡ್ಡ ಹಿಟ್‌ಗಳನ್ನೇ ಕಂಡ್ತು. ಸ್ಯಾಂಡಿ ಫಾದರಿಂಗೇ ಅನ್ನೋ ಬ್ಯಾಂಡ್ ಮಾಡಿದಳು, ಒಂದು ಆಲ್ಬಮ್ ಆದ್ಮೇಲೆ ಅದು ಮುಗೀತು.

ಸಾಮಾನ್ಯವಾಗಿ ಇಂಥಾ ಗಾಯಕಿ ಹೋದ್ರೆ ಬ್ಯಾಂಡ್ ಸತ್ತ ಹಾಗೆ. ಇವರು ಹೊಸ ಗಾಯಕಿ ಹುಡುಕಲೇ ಇಲ್ಲ. ಬರ್ಮಿಂಗ್‌ಹ್ಯಾಮ್‌ನ ಡೇವ್ ಪೆಗ್‌ನ ಬೇಸ್‌ಗೆ ಸೇರಿಸ್ಕೊಂಡು, ಹಾರ್ಟ್‌ಫರ್ಡ್‌ಶೈರ್‌ನ ಲಿಟಲ್ ಹ್ಯಾಡಮ್‌ನಲ್ಲಿ ಏಂಜಲ್ ಅನ್ನೋ ಹಳೇ ಪಬ್ ಕಟ್ಟಡದಲ್ಲಿ ಸಂಸಾರ ಸಮೇತ ವಾಸ ಮಾಡ್ತಾ, ಸ್ವಾರ್‌ಬ್ರಿಕ್, ಥಾಂಪ್ಸನ್, ನಿಕೋಲ್ ತಾವೇ ಹಾಡೋಕೆ ಶುರು ಮಾಡಿದ್ರು. 1970ರ 'ಫುಲ್ ಹೌಸ್' ಕೇಳಿದ್ರೆ ಗೊತ್ತಾಗತ್ತೆ, ದನಿ ಯಾವುದೂ ಸ್ಯಾಂಡಿ ಹತ್ತಿರಕ್ಕೂ ಬರಲ್ಲ ಆದ್ರೆ ಬ್ಯಾಂಡ್ ನುಡಿಸೋದು ಇನ್ನೂ ಹರಿತ ಆಗಿದೆ. 1971ರ ಜನವರಿಲಿ ಥಾಂಪ್ಸನ್ ಹೋದ, ಅದೇ ವರ್ಷ ಬಂದ 'ಏಂಜಲ್ ಡಿಲೈಟ್' ಚಾರ್ಟ್‌ನಲ್ಲಿ 8ನೇ ಸ್ಥಾನಕ್ಕೆ ಹೋಯ್ತು. ಅತ್ಯುತ್ತಮ ಗಿಟಾರಿಸ್ಟ್, ಅತ್ಯುತ್ತಮ ಗಾಯಕಿ ಇಬ್ಬರೂ ಇಲ್ಲದಾಗ ಇವರ ಆಲ್ಬಮ್ ಚಾರ್ಟ್‌ನಲ್ಲಿ ಅಷ್ಟು ಮೇಲೆ ನಿಂತಿದೆ, ಇದನ್ನ ಗಮನಿಸ್ಬೇಕು. ವರ್ಷದ ಕೊನೆಗೆ ನಿಕೋಲ್ ಕೂಡ ಹೋದ.

ನಮ್ಮ ಕರಾವಳಿ ಯಕ್ಷಗಾನ ಮೇಳಗಳನ್ನ ನೋಡಿದವರಿಗೆ ಇದು ಅರ್ಥ ಆಗತ್ತೆ. ತಿರುಗಾಟ ಮುಗಿದ ಮೇಲೆ ಭಾಗವತರು ಬೇರೆ ಮೇಳಕ್ಕೆ ಹೋಗ್ತಾರೆ, ವೇಷಧಾರಿಗಳು ಬದಲಾಗ್ತಾರೆ, ಹೋದ ಕಲಾವಿದ ಮತ್ತೆ ವಾಪಸ್ಸೂ ಬರ್ತಾನೆ, ಆದ್ರೆ ಮೇಳ ಮೇಳಾನೇ, ಪ್ರಸಂಗ ಎಲ್ಲರದ್ದು. ರಾಕ್ ಬ್ಯಾಂಡ್‌ಗಳು ಸಾಮಾನ್ಯವಾಗಿ ಹೀಗಿರಲ್ಲ, ಅಲ್ಲಿ ಹಾಡು ಬರೆದವನೇ ಬ್ಯಾಂಡ್. ಫೇರ್‌ಪೋರ್ಟ್ ಪರಂಪರೆ ಹಾಡಿನ ಕಡೆ ತಿರುಗಿದ್ದರಿಂದ ತಮಗೇ ಗೊತ್ತಿಲ್ಲದ ಹಾಗೆ ಮೇಳದ ರಚನೆಗೆ ಬಂದ್ಬಿಟ್ರು.

ಇದಕ್ಕೆ ಉಲ್ಟಾ ಸಾಕ್ಷಿ 1974-75ರಲ್ಲಿ ಸಿಗತ್ತೆ. ಸ್ಯಾಂಡಿ ವಾಪಸ್ ಬಂದಳು. ಈ ಸಲ ದೊಡ್ಡ ಗುರಿ, ಗ್ಲಿನ್ ಜಾನ್ಸ್ ಥರದ ದೊಡ್ಡ ಪ್ರೊಡ್ಯೂಸರ್, ಪೂರ್ತಿ ಸ್ವಂತ ಹಾಡುಗಳ 'ರೈಸಿಂಗ್ ಫಾರ್ ದ ಮೂನ್'. ಹಾಡುಗಳು ಚೆನ್ನಾಗಿವೆ, ಕೆಲವಂತೂ ಬಹಳ ಚೆನ್ನಾಗಿವೆ. ಆದ್ರೆ ಅಂದುಕೊಂಡ ಯಶಸ್ಸು ಬರ್ಲಿಲ್ಲ, ರೆಕಾರ್ಡಿಂಗ್ ಮಧ್ಯದಲ್ಲೇ ಮ್ಯಾಟಕ್ಸ್ ಬಿಟ್ಟೋದ, ವರ್ಷದ ಕೊನೆಗೆ ಸ್ಯಾಂಡಿ, ಅವಳ ಗಂಡ ಟ್ರೆವರ್ ಲ್ಯೂಕಸ್ ಇಬ್ಬರೂ ಹೋದ್ರು, ಗಿಟಾರಿಸ್ಟ್ ಜೆರ್ರಿ ಡೊನಹ್ಯೂ ಕೂಡ ಉಳೀಲಿಲ್ಲ. ಒಬ್ಬಳ ದನಿ, ಒಬ್ಬಳ ಹಾಡಿನ ಮೇಲೆ ಭಾರ ಹಾಕಿದ ತಕ್ಷಣ ಬ್ಯಾಂಡ್ ಅಲ್ಲಾಡಿಹೋಯ್ತು.

ಸ್ಯಾಂಡಿ 1978ರ ಏಪ್ರಿಲ್ 21ರಂದು ತೀರಿಕೊಂಡಳು, ಬಿದ್ದು ತಲೆಗೆ ಪೆಟ್ಟಾಗಿತ್ತು, ಕುಡಿತದ ಸಮಸ್ಯೇನೂ ಇತ್ತು, 31 ವರ್ಷ, ಮನೇಲಿ ಪುಟ್ಟ ಮಗಳು. ಬ್ರಿಟನ್ನಿನ ದೊಡ್ಡ ರಾಕ್ ಬ್ಯಾಂಡ್ ಲೆಡ್ ಜೆಪೆಲಿನ್ ತಮ್ಮ ನಾಲ್ಕನೇ ಆಲ್ಬಮ್‌ನಲ್ಲಿ ಕರೆದು ಹಾಡಿಸಿದ್ದು ಇವಳೊಬ್ಬಳನ್ನೇ. ಮೆಲೊಡಿ ಮೇಕರ್ ಅನ್ನೋ ಸಂಗೀತ ಪತ್ರಿಕೆ ಓದುಗರು 1970, 1971 ಎರಡು ವರ್ಷ ಬ್ರಿಟನ್ನಿನ ಉತ್ತಮ ಗಾಯಕಿ ಅಂತ ಆರಿಸಿದ್ರು. ಬ್ಯಾಂಡ್ ಉಳಿದದ್ದನ್ನ ಯಶಸ್ಸು ಅಂತ ಬರೆಯುವಾಗ ಅವಳು ಉಳೀಲಿಲ್ಲ ಅನ್ನೋದನ್ನೂ ಅದೇ ಪುಟದಲ್ಲಿ ಬರೀಬೇಕು. ರಚನೆ ಗಟ್ಟಿ ಇದ್ರೆ ಸಂಸ್ಥೆ ಉಳಿಯತ್ತೆ, ಅದರೊಳಗಿನ ಮನುಷ್ಯರನ್ನ ಅದು ಕಾಪಾಡತ್ತೆ ಅಂತೇನಿಲ್ಲ.

ಈಗ ದುಡ್ಡಿನ ವಿಷಯ. 1970ರ ದಶಕದ ಕೊನೆಗೆ ಪಂಕ್ ಅನ್ನೋ ಒರಟು ರಾಕ್ ಬಂದಿತ್ತು, ಫೋಕ್ ರಾಕ್ ಕೇಳೋರು ಕಮ್ಮಿ ಆಗಿದ್ರು. ವರ್ಟಿಗೋ ಅನ್ನೋ ರೆಕಾರ್ಡ್ ಲೇಬಲ್ಲಿಗೆ ಎರಡು ಆಲ್ಬಮ್ ಮಾಡಿದ ಮೇಲೆ, ಒಪ್ಪಂದದಲ್ಲಿ ಉಳಿದಿದ್ದ ಆಲ್ಬಮ್‌ಗಳನ್ನ ಮಾಡದೇ ಇರೋಕೆ ಅಂತ ಕಂಪನಿ ಇವರಿಗೆ ದುಡ್ಡು ಕೊಟ್ಟು ಕಳಿಸ್ತು. ಅತ್ತ ಸ್ವಾರ್‌ಬ್ರಿಕ್‌ಗೆ ವರ್ಷಗಟ್ಟಲೆ ಆಂಪ್ಲಿಫೈಯರ್ ಪಕ್ಕ ನಿಂತು ಕಿವಿ ಹೋಗ್ತಾ ಇತ್ತು. ನಿಲ್ಲಿಸೋಣ ಅಂತ ತೀರ್ಮಾನ ಆಯ್ತು. 1979ರ ಆಗಸ್ಟ್ 4ರಂದು ನೆಬ್‌ವರ್ತ್‌ನಲ್ಲಿ ಲೆಡ್ ಜೆಪೆಲಿನ್‌ಗೆ ಮುಂಚೆ ನುಡಿಸಿ, ಅದೇ ದಿನ ಆಕ್ಸ್‌ಫರ್ಡ್‌ಶೈರ್‌ನ ಕ್ರೋಪ್ರೆಡಿ ಹಳ್ಳಿಗೆ ಹೋಗಿ ವಿದಾಯದ ಕಾರ್ಯಕ್ರಮ ಕೊಟ್ರು. ಆಗ ಡೇವ್ ಪೆಗ್ ವಾಸ ಆ ಊರಲ್ಲೇ, ಅದಕ್ಕೂ ಮುಂಚೆ ಊರಿನವರಿಗೋಸ್ಕರ ಅಲ್ಲಿ ಸಣ್ಣದಾಗಿ ನುಡಿಸಿದ್ದೂ ಇತ್ತು.

ವಿದಾಯದ ಲೈವ್ ರೆಕಾರ್ಡಿಂಗ್ ತಗೊಳ್ಳೋಕೆ ಯಾವ ಕಂಪನೀನೂ ಮುಂದೆ ಬರ್ಲಿಲ್ಲ. ಆಗ ಪೆಗ್ ಮತ್ತೆ ಅವರ ಹೆಂಡತಿ ಕ್ರಿಸ್ಟೀನ್ ಸೇರಿ ವುಡ್‌ವರ್ಮ್ ರೆಕಾರ್ಡ್ಸ್ ಅಂತ ಸ್ವಂತ ಲೇಬಲ್ ಮಾಡಿ ತಾವೇ ಬಿಡುಗಡೆ ಮಾಡಿದ್ರು. ಮುಂದಿನ ವರ್ಷ ಆಗಸ್ಟ್‌ನಲ್ಲಿ ಹಳೇ ಗೆಳೆಯರೆಲ್ಲಾ ಒಂದು ಸಲ ಸೇರೋಣ ಅಂತ ಸೇರಿದ್ರು, ಆಮೇಲೆ ಅದು ಪ್ರತಿ ವರ್ಷ ಆಯ್ತು. ಬ್ಯಾಂಡೇ ಇಲ್ಲ ಆದ್ರೆ ಅದರ ಜಾತ್ರೆ ನಡೀತಿದೆ, ಐದಾರು ವರ್ಷ ಹೀಗೇ. ಕೊನೆಗೆ 1985ರಲ್ಲಿ ನಿಕೋಲ್, ಪೆಗ್, ಮ್ಯಾಟಕ್ಸ್ ಸೇರಿ 'ಗ್ಲಾಡಿಸ್ ಲೀಪ್' ಅನ್ನೋ ಆಲ್ಬಮ್ ಮಾಡಿದ್ರು, ಪಿಟೀಲಿಗೆ ರಿಕ್ ಸ್ಯಾಂಡರ್ಸ್, ಗಿಟಾರ್ ಮತ್ತೆ ಇನ್ನೂ ಹತ್ತಾರು ವಾದ್ಯಕ್ಕೆ ಮಾರ್ಟಿನ್ ಆಲ್ಕಾಕ್ ಸೇರ್ಕೊಂಡ್ರು, ಬ್ಯಾಂಡ್ ಮತ್ತೆ ಹುಟ್ಟಿತು. ವಿಶೇಷ ಅಂದ್ರೆ ಈ ಐದು ಜನರ ಲೈನ್‌ಅಪ್ ಹತ್ತು ವರ್ಷಕ್ಕೂ ಹೆಚ್ಚು ಅಲ್ಲಾಡ್ಲಿಲ್ಲ, 60-70ರ ದಶಕದಲ್ಲಿ ಯಾವ ಲೈನ್‌ಅಪ್ಪೂ ಅದರ ಅರ್ಧಾನೂ ಬಾಳಿರ್ಲಿಲ್ಲ. ದೊಡ್ಡ ಕಂಪನಿಯ ಹಿಡಿತ ಇಲ್ಲ, ಹಿಟ್ ಕೊಡಿ ಅನ್ನೋ ಒತ್ತಡ ಇಲ್ಲ, ಚಳಿಗಾಲದಲ್ಲಿ ಒಂದು ಟೂರ್, ಆಗಸ್ಟ್‌ನಲ್ಲಿ ಕ್ರೋಪ್ರೆಡಿ, ಎಷ್ಟೋ ರೆಕಾರ್ಡ್‌ಗಳು ಸ್ವಂತ ಲೇಬಲ್ಲಿನವು.

ಕ್ರೋಪ್ರೆಡಿ ಹಬ್ಬ ಈಗ ಮೂರು ದಿನ, ಒಂದೇ ಸ್ಟೇಜ್. ಜೋರಾಗಿ ನಡೆದ ವರ್ಷಗಳಲ್ಲಿ ಇಪ್ಪತ್ತು ಸಾವಿರದಷ್ಟು ಜನ ಬಂದಿದ್ದಿದೆ. ಶನಿವಾರ ರಾತ್ರಿ ಫೇರ್‌ಪೋರ್ಟ್ ನುಡಿಸ್ತಾರೆ, ಬಿಟ್ಟೋದ ಹಳಬರು ಬಂದು ಸೇರ್ತಾರೆ, ಕೊನೇ ಹಾಡು 'ಮೀಟ್ ಆನ್ ದ ಲೆಡ್ಜ್'. ಥಾಂಪ್ಸನ್ ಹತ್ತೊಂಬತ್ತರ ವಯಸ್ಸಲ್ಲಿ ಬರೆದ ಹಾಡು, 1968ರಲ್ಲಿ ಸಿಂಗಲ್ ಆಗಿ ಬಂದಾಗ ಚಾರ್ಟ್ ಹತ್ತಲೇ ಇಲ್ಲ.

ನಮ್ಮಲ್ಲೂ ಜನಪದ, ತತ್ವಪದಗಳನ್ನ ಗಿಟಾರ್ ಡ್ರಮ್ಸ್ ಜೊತೆ ಹಾಡೋ ಬ್ಯಾಂಡ್‌ಗಳಿವೆ, ಶಿಶುನಾಳ ಷರೀಫರ ಪದಗಳು ರಾಕ್ ಸ್ಟೇಜಿಗೆ ಬಂದು ಎಷ್ಟೋ ಕಾಲ ಆಯ್ತು. ಹಾಗಾಗಿ ಒಂದು ವ್ಯತ್ಯಾಸ ಹೇಳ್ಬೇಕು. ಹಚಿಂಗ್ಸ್ ಬಹುಪಾಲು ಹಾಡು ಹುಡುಕಿದ್ದು ಗ್ರಂಥಾಲಯದಲ್ಲಿ, ಅವನ್ನ ಮೊದಲು ಹಾಡಿದ ಹಳ್ಳಿಗರು ಯಾವತ್ತೋ ತೀರಿಹೋಗಿದ್ರು. ಆಲ್ಬಮ್ ಮೇಲೆ ಸಾಂಪ್ರದಾಯಿಕ ಅಂತ ಬರೆದು ಸಂಯೋಜನೆಯ ಹೆಸರು ಬ್ಯಾಂಡ್ ಹಾಕ್ಕೊಂಡ್ರೆ ಎದುರು ನಿಂತು ಕೇಳೋರು ಇರ್ಲಿಲ್ಲ, ಸಂಯೋಜನೆಯ ರಾಯಲ್ಟೀನೂ ಹೆಸರಿದ್ದವರಿಗೇ ಬರತ್ತೆ. ನಮ್ಮಲ್ಲಿ ಹಾಗಲ್ಲ. ಮಾದಪ್ಪನ ಪದ ಹಾಡೋ ಕಂಸಾಳೆಯವರು, ಮಂಟೇಸ್ವಾಮಿ ಕಾವ್ಯ ಹಾಡೋ ನೀಲಗಾರರು, ಚೌಡಿಕೆ ಹಿಡಿದ ಜೋಗತಿಯರು ಇವತ್ತೂ ಇದಾರೆ, ಹಾಡ್ತಿದಾರೆ, ಅದೇ ಅವರ ಬದುಕು. ಹಾಡು ಎಲ್ಲರದ್ದು ಅನ್ನೋ ಮಾತು ಫೇರ್‌ಪೋರ್ಟ್‌ನ ಉಳಿಸ್ತು ಅಂತ ನಾನು ಮೇಲೆ ಬರೆದೆ, ಆದ್ರೆ ಅದೇ ಮಾತನ್ನ ಇಲ್ಲಿ ಹಾಗೇ ತಂದ್ರೆ ಅನ್ಯಾಯ ಆಗತ್ತೆ. ಯಾರ ಬಾಯಿಂದ ಕೇಳಿ ಕಲಿತರೋ ಅವರ ಹೆಸರು ರೆಕಾರ್ಡ್ ಮೇಲೆ ಇರ್ಬೇಕು, ಸ್ಟೇಜ್ ಮೇಲೆ ಅವರಿಗೂ ಜಾಗ, ಬಂದ ದುಡ್ಡಲ್ಲಿ ಪಾಲು ಇರ್ಬೇಕು.

ಇದೆಲ್ಲಾ ಹಳೇ ಅಭಿಮಾನಿಗಳ ನೆನಪಿನ ಮೇಲೆ ನಡೀತಿರೋ ಬ್ಯಾಂಡ್ ಅಷ್ಟೇ ಅಂತ ಹೇಳೋರಿದಾರೆ. ನಾನು ಒಪ್ಪಲ್ಲ. ನೆನಪೊಂದೇ ಆಗಿದ್ರೆ ಹಳೇ ಲೈನ್‌ಅಪ್ ಬಿಟ್ಟು ಬೇರೆ ಯಾರನ್ನೂ ಜನ ಒಪ್ತಿರ್ಲಿಲ್ಲ. 1996ರಲ್ಲಿ ಬಂದ ಕ್ರಿಸ್ ಲೆಸ್ಲಿ ಬರೆದ ಹಾಡುಗಳನ್ನ ಅದೇ ಜನ ಕೇಳ್ತಾರೆ. 2007ರ ಕ್ರೋಪ್ರೆಡೀಲಿ 'ಲೀಜ್ ಅಂಡ್ ಲೀಫ್' ಪೂರ್ತಿ ನುಡಿಸಿದಾಗ ಹಚಿಂಗ್ಸ್, ಥಾಂಪ್ಸನ್, ನಿಕೋಲ್, ಸ್ವಾರ್‌ಬ್ರಿಕ್, ಮ್ಯಾಟಕ್ಸ್ ಐವರೂ ಸ್ಟೇಜ್ ಮೇಲಿದ್ರು, ಸ್ಯಾಂಡಿ ಜಾಗದಲ್ಲಿ ಕ್ರಿಸ್ ವೈಲ್ ಹಾಡಿದ್ರು. ಸ್ವಾರ್‌ಬ್ರಿಕ್ ಅಷ್ಟೊತ್ತಿಗೆ ಶ್ವಾಸಕೋಶ ಕಸಿ ಮಾಡಿಸ್ಕೊಂಡು ಬದುಕಿ ಬಂದಿದ್ರು, ಆ ಕಾಯಿಲೆ ವರ್ಷಗಳಲ್ಲಿ ಅವರಿಗೋಸ್ಕರ ಸಂಗೀತಗಾರರು, ಕೇಳುಗರು ಕಾರ್ಯಕ್ರಮ ಮಾಡಿ ದುಡ್ಡು ಕೂಡಿಸಿದ್ರು. 2016ರಲ್ಲಿ ಅವರೂ ತೀರಿಕೊಂಡ್ರು. 2022ರಲ್ಲಿ ಡ್ರಮ್ಮರ್ ಜೆರ್ರಿ ಕಾನ್‌ವೇ ಬಿಟ್ಟಾಗ ಆ ಜಾಗಕ್ಕೆ ಮತ್ತೆ ಬಂದಿದ್ದು ಡೇವ್ ಮ್ಯಾಟಕ್ಸ್.